ಅವ್ವನ ಗ್ರಹಣ ಬಿಡಿಸಿದ ಓದು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಕರೆದವರು, "ನೀವು ಓದಿದ ವಿಷಯದ ಬಗ್ಗೆ ಹುಡುಗರಿಗೆ ನಾಲ್ಕು ಮಾತು ಹೇಳಿರಿ, ಮುಂದೆ ಏನು ಓದಬೇಕು ಅನ್ನೋದು ಅವರಿಗೂ ತಿಳೀಲಿ" ಎಂದರು. ನಾನು ಓದಿದ್ದು ಮಕ್ಕಳ ಬೆಳವಣಿಗೆ ಮತ್ತು ಕುಟುಂಬ ಅಧ್ಯಯನ. ಈ ಹೆಸರು ಹೇಳಿದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಮಕ್ಕಳು ಬೆಳೆಯೋದನ್ನು ಓದೋದೇನಿದೆ? ಅವು ತಾವಾಗಿಯೇ ಬೆಳೀತಾವಲ್ಲ?" ನನ್ನ ಅಜ್ಜಿಯೂ ಇದನ್ನೇ ಕೇಳಿದ್ದಳು. ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಕೊಡುವ ಉತ್ತರ ಎಂದು ತಿಳಿಯಿರಿ. ಅದಕ್ಕಾಗಿ ನನ್ನ ಮನೆಯ ಒಂದು ಕಥೆ ಹೇಳಬೇಕಾಗುತ್ತದೆ. ಹೇಳಲು ನನ್ನ ಅವ್ವನ ಒಪ್ಪಿಗೆ ಇದೆ. ತಂಗಿಯ ಒಪ್ಪಿಗೆಯೂ ಇದೆ.

ನಾನು ಈ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿದ್ದು 1989ರಲ್ಲಿ. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಈಗ ಕಂಪ್ಯೂಟರ್ ಕೋಣೆ ಇರುವಲ್ಲಿ ಆಗ ತಗಡಿನ ಶೆಡ್ಡು ಇತ್ತು. ಮಳೆ ಬಂದರೆ ಮಾಸ್ತರರ ದನಿ ಕೇಳುತ್ತಿರಲಿಲ್ಲ. ಆ ಶೆಡ್ಡಿನಲ್ಲೇ ನಮ್ಮ ಜೀವಶಾಸ್ತ್ರದ ಸರ್ ಮೆಂಡಲನ ಬಟಾಣಿ ಗಿಡದ ಪಾಠ ಮಾಡಿದರು. ಎತ್ತರದ ಗಿಡ, ಕುಳ್ಳ ಗಿಡ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲ ಎತ್ತರದವೇ. ಅವುಗಳ ಮುಂದಿನ ಪೀಳಿಗೆಯಲ್ಲಿ ನಾಲ್ಕಕ್ಕೊಂದು ಮತ್ತೆ ಕುಳ್ಳ. ಸರ್ ಕೇಳಿದರು: "ನಡುವಿನ ಪೀಳಿಗೆಯಲ್ಲಿ ಕುಳ್ಳ ಗುಣ ಎಲ್ಲಿ ಹೋಗಿತ್ತು?" ನಾವು ಯಾರೂ ಉತ್ತರ ಕೊಡಲಿಲ್ಲ. ಅವರೇ ಹೇಳಿದರು: "ಎಲ್ಲೂ ಹೋಗಿರಲಿಲ್ಲ. ಒಳಗೇ ಕೂತಿತ್ತು." ನಾನು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದೆ. ಆ ಮಾತು ನಮ್ಮ ಮನೆಯ ಮಾತೂ ಹೌದು ಎಂದು ತಿಳಿಯಲು ನನಗೆ ಇನ್ನೂ ಆರು ವರ್ಷ ಬೇಕಾಯಿತು.

ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡೆ. ಡಾಕ್ಟರ್ ಆಗಬೇಕೆಂಬ ಆಸೆಯಿತ್ತು, ಅಂಕ ಸಾಲಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗ್ರಾಮೀಣ ಗೃಹವಿಜ್ಞಾನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಊರಲ್ಲಿ ಎಲ್ಲರೂ "ಅಡುಗೆ ಕಾಲೇಜು" ಅಂದರು. ನಾನೂ ಹಾಗೆಯೇ ಅಂದುಕೊಂಡು ಹೋದೆ. ಅಲ್ಲಿ ಹೋದ ಮೇಲೆ ನೋಡಿದರೆ ಆಹಾರ ಮತ್ತು ಪೋಷಣೆ, ಜವಳಿ, ವಿಸ್ತರಣೆ, ಮಾನವ ಅಭಿವೃದ್ಧಿ ಹೀಗೆ ಬೇರೆ ಬೇರೆ ವಿಭಾಗಗಳು. ಜೊತೆಗೆ ಶರೀರಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ. ನಾಲ್ಕು ವರ್ಷದ ಪದವಿ ಮುಗಿಸಿ 1995ರಲ್ಲಿ ಎರಡು ವರ್ಷದ ಸ್ನಾತಕೋತ್ತರ ಓದಿಗೆ ಮಾನವ ಅಭಿವೃದ್ಧಿಯನ್ನೇ ಆರಿಸಿಕೊಂಡೆ. ಆರಿಸಿಕೊಂಡದ್ದಕ್ಕೆ ಕಾರಣ ನನ್ನ ತಂಗಿ.

ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ ಆಯಿತು. ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದುಹೋದ ಗ್ರಹಣ ಅದು. ಮಧ್ಯಾಹ್ನದ ಹೊತ್ತಿನಲ್ಲೇ ಕತ್ತಲಾಯಿತು. ದೂರದೂರದ ವಿಜ್ಞಾನಿಗಳು ದೂರದರ್ಶಕ ಹೊತ್ತು ನಮ್ಮ ಭಾಗಕ್ಕೆ ಬಂದಿದ್ದರಂತೆ. ನಮ್ಮ ಊರವರು ಮಾತ್ರ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ಆಗ ನನ್ನ ಅವ್ವ ಮೂರು ತಿಂಗಳ ಬಸುರಿ. ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಕತ್ತಲಿಗೆ ಬೆದರಿ ಹಗ್ಗ ಹರಿದುಕೊಂಡಿತೆಂದು ಅವಳು ಹೊರಗೆ ಓಡಿದಳು. ಕಟ್ಟಿ ಒಳಗೆ ಬಂದಳು. ಅಷ್ಟೇ.

ಆಗಸ್ಟಿನಲ್ಲಿ ತಂಗಿ ಹುಟ್ಟಿದಳು. ದುಂಡಗೆ, ಚೆಂದಗೆ ಇದ್ದಳು. ನಗುತ್ತಿದ್ದಳು, ಮೊದಮೊದಲು "ಆ, ಊ" ಎಂದು ದನಿ ಮಾಡುತ್ತಿದ್ದಳು. ಎರಡು ವರ್ಷವಾದರೂ ಒಂದು ಮಾತು ಬರಲಿಲ್ಲ. ಅಜ್ಜಿ, "ನಮ್ಮ ಮನೆತನದಾಗ ಮಾತು ತಡಾನ" ಎಂದಳು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರು. ದೇವರಿಗೆ ಗಂಟೆ ಕಟ್ಟುತ್ತೇವೆ ಎಂದು ಹರಕೆ ಹೊತ್ತರು. ಪೇಟೆಯ ಒಬ್ಬ ಡಾಕ್ಟರರಿಗೆ ತೋರಿಸಿದಾಗ ಅವರು ಬಾಯಿ ತೆಗೆಸಿ ನೋಡಿ, "ಐದು ವರ್ಷಕ್ಕೆ ತಾನೇ ಬರತದ" ಎಂದು ಕಳಿಸಿದರು. ಎಲ್ಲರೂ ಅವಳ ನಾಲಿಗೆಯನ್ನೇ ನೋಡಿದರು. ಕಿವಿಯನ್ನು ಯಾರೂ ನೋಡಲಿಲ್ಲ.

ಅವಳಿಗೆ ನಾಲ್ಕು ತುಂಬಿದ ವರ್ಷದ ದೀಪಾವಳಿ. ಅಂಗಳದಲ್ಲಿ ಹೋಳಿಗೆ ತಿನ್ನುತ್ತ ಕೂತಿದ್ದಳು. ಬೆನ್ನ ಹಿಂದೆಯೇ ದೊಡ್ಡ ಪಟಾಕಿ ಸಿಡಿಯಿತು. ನಾವೆಲ್ಲ ಹಾರಿಬಿದ್ದೆವು. ಅವಳು ಹೋಳಿಗೆ ತಿನ್ನುತ್ತಲೇ ಇದ್ದಳು. ಅಪ್ಪ ಅವಳನ್ನೇ ನೋಡುತ್ತ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಮರುದಿನವೇ ಹುಬ್ಬಳ್ಳಿಗೆ, ಅಲ್ಲಿಂದ ಮುಂದೆ ಮೈಸೂರಿಗೆ ಹೋದರು. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿದೆ. ಪರೀಕ್ಷೆ ಮಾಡಿ, ಎರಡೂ ಕಿವಿಗೆ ಬಹುಪಾಲು ಕೇಳಿಸುವುದಿಲ್ಲ, ಹುಟ್ಟಿನಿಂದಲೇ ಹೀಗಿರಬೇಕು ಎಂದರು. ಎದೆಗೆ ಕಟ್ಟಿಕೊಳ್ಳುವ, ವಯರು ಇದ್ದ ಶ್ರವಣ ಸಾಧನ ಬಂತು. ಒಂದು ವರ್ಷದ ಬಳಿಕ ಅವಳು ದೂರದ ಕಿವುಡ ಮಕ್ಕಳ ವಸತಿ ಶಾಲೆಗೆ ಹೋದಳು.

ಊರಲ್ಲಿ ಮಾತ್ರ ಕಾರಣ ಎಂದೋ ತೀರ್ಮಾನವಾಗಿಬಿಟ್ಟಿತ್ತು. "ಗ್ರಹಣ ಹಿಡಿದ ಕೂಸು." ನೆರೆಯವರು ಅಂದರು, ಬಂಧುಗಳು ಅಂದರು. ಅವ್ವ ಒಂದು ದಿನವೂ ಎದುರಾಡಲಿಲ್ಲ. ಏಕೆಂದರೆ ಅವಳೂ ಅದನ್ನೇ ನಂಬಿದ್ದಳು. ತಂಗಿಯನ್ನು ವಸತಿ ಶಾಲೆಯಲ್ಲಿ ಬಿಟ್ಟು ಬಂದಾಗಲೆಲ್ಲ ಅವಳು ಎಮ್ಮೆ ಹಗ್ಗ ಹರಿದ ಕಥೆಯನ್ನು ಮತ್ತೆ ಹೇಳುತ್ತಿದ್ದಳು. "ಎಮ್ಮಿ ಹೋದ್ರ ಹೋಗಲಿ ಅಂತ ಒಳಗ ಕುಂತಿದ್ರ..." ಎನ್ನುತ್ತಿದ್ದಳು. ಹದಿನೈದು ವರ್ಷ ಹೀಗೆ ನಡೆಯಿತು.

ಈಗ 1995ಕ್ಕೆ ಬರುತ್ತೇನೆ. ಸ್ನಾತಕೋತ್ತರ ತರಗತಿಯ ಮೊದಲ ಅವಧಿ. ನಮ್ಮ ಮೇಡಂ ಆನುವಂಶಿಕತೆಯ ಪಾಠ ಮುಗಿಸಿ, "ಎಲ್ಲರೂ ನಿಮ್ಮ ನಿಮ್ಮ ಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ" ಎಂದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಗಂಡ ಹೆಂಡತಿಯರ ನಡುವೆ ಒಂದು ಗೆರೆ. ಅವರು ರಕ್ತಸಂಬಂಧಿಗಳಾದರೆ ಜೋಡಿ ಗೆರೆ. ಯಾರಿಗೆ ಆ ಗುಣ ಕಾಣಿಸಿಕೊಂಡಿದೆಯೋ ಅವರ ಗುರುತಿಗೆ ಕಪ್ಪು ತುಂಬಬೇಕು.

ನಾನು ಬರೆಯಲು ಕೂತೆ. ನನ್ನ ಅಪ್ಪ, ನನ್ನ ಅವ್ವನ ಸೋದರಮಾವ. ಅಂದರೆ ಅಜ್ಜಿ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಿದ್ದಳು. ನಮ್ಮಲ್ಲಿ ಇದು ಹೊಸದಲ್ಲ. ಆಸ್ತಿ ಒಡೆಯಬಾರದು, ಹುಡುಗಿ ಕಣ್ಣಳತೆಯಲ್ಲಿ ಇರಬೇಕು, ಅತ್ತೆಯ ಕಾಟ ಇರಬಾರದು ಎಂದು ಪ್ರೀತಿಯಿಂದಲೇ ಮಾಡುವ ಮದುವೆ. ನಾನು ಜೋಡಿ ಗೆರೆ ಎಳೆದೆ. ಕೆಳಗೆ ಎರಡು ವೃತ್ತ ಬರೆದೆ. ಒಂದನ್ನು ಖಾಲಿ ಬಿಟ್ಟೆ, ಅದು ನಾನು. ಇನ್ನೊಂದಕ್ಕೆ ಕಪ್ಪು ತುಂಬಿದೆ. ತುಂಬುವಾಗ ಈ ಶಾಲೆಯ ತಗಡಿನ ಶೆಡ್ಡು ನೆನಪಾಯಿತು. ಒಳಗೇ ಕೂತಿತ್ತು.

ಮಕ್ಕಳೇ, ಇದನ್ನು ನಿಮಗೆ ಅರ್ಥವಾಗುವಂತೆ ಹೇಳುತ್ತೇನೆ. ನಮ್ಮ ಮೈಯನ್ನು ಕಟ್ಟುವ ಸೂಚನೆಗಳೆಲ್ಲ ಒಂದು ಪುಸ್ತಕದಲ್ಲಿವೆ ಎಂದುಕೊಳ್ಳಿ. ಪ್ರತಿಯೊಬ್ಬರ ಬಳಿಯೂ ಅದರ ಎರಡು ಪ್ರತಿ ಇರುತ್ತವೆ: ಒಂದು ಅಪ್ಪನಿಂದ, ಒಂದು ಅವ್ವನಿಂದ. ಒಂದು ಪ್ರತಿಯಲ್ಲಿ ಒಂದು ಪುಟ ಹರಿದಿದ್ದರೂ ಇನ್ನೊಂದನ್ನು ನೋಡಿ ಕೆಲಸ ನಡೆಯುತ್ತದೆ. ಇಂಥ ಕೆಲವು ಹರಿದ ಪುಟಗಳು ನಮ್ಮೆಲ್ಲರಲ್ಲೂ ಇವೆ, ಇಲ್ಲದ ಮನುಷ್ಯನಿಲ್ಲ. ಬೇರೆ ಬೇರೆ ಮನೆತನದವರು ಮದುವೆಯಾದಾಗ ಅವರವರ ಹರಿದ ಪುಟ ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ. ಒಂದೇ ಮನೆತನದವರಾದರೆ ಇಬ್ಬರಲ್ಲೂ ಅದೇ ಪುಟ ಹರಿದಿರುವ ಸಾಧ್ಯತೆ ಹೆಚ್ಚು. ಹಾಗೆ ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಹರಿದ ಪ್ರತಿಗಳೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಟ್ಟು ಕಿವುಡುತನದಲ್ಲಿ ಬಹಳಷ್ಟು ಹೀಗೆ ಬರುವಂಥದ್ದು.

ಲೆಕ್ಕ ಹೀಗಿದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳ ನಾಲ್ಕನೇ ಒಂದು ಪಾಲು ಒಂದೇ ಇರುತ್ತದೆ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಪಾಲು. ಹಾಗೆಂದು ಹೆದರಿಸಲು ನಾನು ಬಂದಿಲ್ಲ. ಯಾವುದೇ ದಂಪತಿಗಳಲ್ಲಿ ನೂರರಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಏನಾದರೂ ದೊಡ್ಡ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳು ಮದುವೆಯಾದರೆ ಅದಕ್ಕೆ ಇನ್ನೂ ಎರಡು ಮೂರು ಸೇರುತ್ತದೆ; ಸೋದರಮಾವನಾದರೆ ಅದಕ್ಕಿಂತ ಹೆಚ್ಚು. ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ, ನಾನೂ ಹುಟ್ಟಿದೆ. ಆದರೆ ಒಂದು ಮನೆಯಲ್ಲಿ ಈಗಾಗಲೇ ಒಂದು ಮಗುವಿನಲ್ಲಿ ತೊಂದರೆ ಕಂಡಿದೆ ಎಂದಾದರೆ, ಲೆಕ್ಕ ಬೇರೆಯೇ ಆಗುತ್ತದೆ.

ಆ ಬೇರೆ ಲೆಕ್ಕ ನನಗೇ ಬೇಕಾಗಿತ್ತು. ಏಕೆಂದರೆ ಆ ವರ್ಷ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಗಂಡು ಅವ್ವನ ಕಿರಿಯ ತಮ್ಮ, ನನ್ನ ಸೋದರಮಾವ. ಒಳ್ಳೆಯ ಮನುಷ್ಯ. ಅಜ್ಜಿಗೆ ಮತ್ತೊಮ್ಮೆ ಅದೇ ಆಸೆ. ಹಾಸ್ಟೆಲ್ಲಿನ ಕೋಣೆಯಲ್ಲಿ ಕೂತು ನಾನು ಕಾಗದದ ಮೇಲೆ ಬರೆದೆ. ನನ್ನಲ್ಲಿ ಆ ಹರಿದ ಪುಟ ಇರುವ ಸಾಧ್ಯತೆ ಮೂರರಲ್ಲಿ ಎರಡು. ಅಜ್ಜಿಯಲ್ಲಿ ಅದು ಇದೆ ಎಂದು ಹಿಡಿದರೆ ಮಾವನಲ್ಲಿ ಇರುವ ಸಾಧ್ಯತೆ ಎರಡರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಮಗುವಿಗೆ ಬರುವುದು ನಾಲ್ಕರಲ್ಲಿ ಒಂದು. ಗುಣಿಸಿದರೆ ಹನ್ನೆರಡರಲ್ಲಿ ಒಂದು. ಸಾಮಾನ್ಯ ಜನರಲ್ಲಿ ತೀವ್ರ ಕಿವುಡುತನ ಸಾವಿರ ಮಕ್ಕಳಿಗೆ ಒಂದೋ ಎರಡೋ.

ಲೆಕ್ಕ ಸುಲಭವಾಗಿತ್ತು. ಊರಿಗೆ ಹೋಗಿ ಹೇಳುವುದು ಸುಲಭವಿರಲಿಲ್ಲ. ಗ್ರಹಣದ ತಪ್ಪನ್ನು ಅವ್ವನ ತಲೆಯಿಂದ ಇಳಿಸಬಹುದು. ಆದರೆ ಅದನ್ನು ಇಳಿಸಿ ಎಲ್ಲಿ ಇಡಲಿ? ಅಜ್ಜಿಯ ತಲೆಯ ಮೇಲೆಯೇ? ಅಪ್ಪನ ಮೇಲೆಯೇ? ನಾನು ಮೇಡಂ ಹತ್ತಿರ ಹೋಗಿ ಅತ್ತೆ. ಅವರು ಹೇಳಿದ ಮಾತು ನನ್ನ ಇಡೀ ವೃತ್ತಿಗೆ ಅಡಿಪಾಯವಾಯಿತು. "ಕಾರಣ ಬೇರೆ, ತಪ್ಪು ಬೇರೆ. ಕಾರಣ ಹೇಳು. ತಪ್ಪು ಯಾರದೂ ಅಲ್ಲ ಅನ್ನೋದನ್ನು ಅದಕ್ಕಿಂತ ಮೊದಲು ಹೇಳು. ಮತ್ತೆ, ಪರೀಕ್ಷೆ ಆಗಿಲ್ಲ, ಆದ್ದರಿಂದ ಬಹುಮಟ್ಟಿಗೆ ಹೀಗೆ ಅನ್ನು, ಖಂಡಿತ ಅನ್ನಬೇಡ. ಗ್ರಹಣ ಅಲ್ಲ ಅನ್ನೋದನ್ನು ಮಾತ್ರ ಖಂಡಿತ ಅನ್ನು."

ದಸರಾ ರಜೆಯಲ್ಲಿ ಬಂದೆ. ಅಡುಗೆ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನೆಲದ ಮೇಲೆ ಹಾಳೆ ಹಾಸಿ ಗೆರೆಗಳನ್ನು ತೋರಿಸಿ ಹೇಳಿದೆ. ಅವಳು ಓದಿದ್ದು ನಾಲ್ಕನೇ ಇಯತ್ತೆ. ಕೈ ನಿಲ್ಲಿಸಿ ಕೇಳಿದಳು. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದಳು.

"ಹಂಗಾರ ಅವತ್ತ ನಾ ಹಿತ್ತಲಕ್ಕ ಹೋಗಿದ್ದಕ್ಕ ಅಲ್ಲೇನು?"

"ಅಲ್ಲವ್ವ."

"ಖರೇನ?"

"ಖರೇನ ಅವ್ವ. ಅವತ್ತು ಗದಗ, ಹುಬ್ಬಳ್ಳಿಯಾಗ ಎಷ್ಟು ಬಸುರೇರು ಇದ್ದಿರಬೇಕು. ಅವರ ಮಕ್ಕಳೆಲ್ಲ ಕಿವುಡಾದವೇನು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಎದ್ದು ಪಡಸಾಲೆಗೆ ಹೋಗಿ ಅಜ್ಜಿಗೆ ಹೇಳಿದಳು: "ಇಕಿನ್ನ ತಮ್ಮಗ ಕೊಡೂದು ಬ್ಯಾಡ ಯವ್ವಾ. ಅವಗೂ ಬ್ಯಾರೆ ಕಡೆ ಕನ್ಯಾ ನೋಡೂಣು." ಅಜ್ಜಿ ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. "ಓದಿಸಿದ್ದಕ್ಕ ಮನಿತನಾನ ಹಾಳ್ಯಾಗ ಬರ್ಕೊಂಡು ಬಂದ್ಲು" ಎಂದಳು. ಅಪ್ಪ ಏನೂ ಅನ್ನಲಿಲ್ಲ. ಆದರೆ ನಾನು ಧಾರವಾಡಕ್ಕೆ ಹೊರಡುವ ದಿನ ಆ ಹಾಳೆಯನ್ನು ಕೇಳಿ ಇಸಿದುಕೊಂಡು, ಮಡಚಿ ಪೆಟ್ಟಿಗೆಯಲ್ಲಿ ಇಟ್ಟ. ಅವನು ತೀರಿಕೊಂಡ ಮೇಲೆ ಹೊಲದ ಪತ್ರಗಳ ಜೊತೆ ಅದು ಸಿಕ್ಕಿತು. ಮಾವನಿಗೆ ಬೇರೆ ಕಡೆ ಮದುವೆಯಾಯಿತು, ನನಗೂ ಆಯಿತು. ಈಗ ಎಲ್ಲರೂ ಚೆನ್ನಾಗಿದ್ದೇವೆ.

ಇಷ್ಟೇ ಆಗಿದ್ದರೆ ಇದು ಬರೀ ಜೀವಶಾಸ್ತ್ರದ ಕಥೆಯಾಗುತ್ತಿತ್ತು. ಆದರೆ ನಮ್ಮ ವಿಷಯದ ಇನ್ನೊಂದು ಅರ್ಧ ಇರುವುದು ಮಗು ಹುಟ್ಟಿದ ಮೇಲೆ. ನನ್ನ ತಂಗಿಯ ಕಿವಿಯನ್ನು ಯಾರೂ ಬದಲಿಸಲಾಗುತ್ತಿರಲಿಲ್ಲ. ಅವಳು ಕಳೆದುಕೊಂಡ ಮೊದಲ ನಾಲ್ಕು ವರ್ಷಗಳನ್ನು ಮಾತ್ರ ಉಳಿಸಬಹುದಿತ್ತು. ಹುಟ್ಟಿದಾಗ ಮಗುವಿನ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗದಷ್ಟು ತೂಗುತ್ತದೆ. ಮೊದಲ ಎರಡು ಮೂರು ವರ್ಷಗಳಲ್ಲೇ ಹೆಚ್ಚುಪಾಲು ಬೆಳೆದುಬಿಡುತ್ತದೆ. ಭಾಷೆ ಕೂಡುವುದು ಆಗಲೇ. ಅದು ಬಾಯಿಮಾತಿನ ಭಾಷೆಯಾದರೂ ಸರಿ, ಕೈಸನ್ನೆಯ ಭಾಷೆಯಾದರೂ ಸರಿ, ಆ ವಯಸ್ಸಿನಲ್ಲಿ ಮಗುವಿಗೆ ಒಂದು ಭಾಷೆ ಸಿಗಬೇಕು. ಕಿವುಡುತನವನ್ನು ಆರು ತಿಂಗಳೊಳಗೆ ಗುರುತಿಸಿ ನೆರವು ಕೊಟ್ಟ ಮಕ್ಕಳ ಭಾಷೆ, ತಡವಾಗಿ ಗುರುತಿಸಿದ ಮಕ್ಕಳಿಗಿಂತ ಬಹಳ ಮುಂದಿರುತ್ತದೆ ಎಂದು 1998ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನ ತೋರಿಸಿತು.

ಕೇಳುವ ಮಕ್ಕಳಿಗೂ ಇದೇ ಮಾತು. ಜಮೈಕಾ ದೇಶದಲ್ಲಿ 1980ರ ದಶಕದಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಬಡ ಮಕ್ಕಳನ್ನು ತೆಗೆದುಕೊಂಡರು. ಕೆಲವರ ಮನೆಗೆ ವಾರಕ್ಕೊಮ್ಮೆ ಒಂದು ತಾಸು ಆರೋಗ್ಯ ಕಾರ್ಯಕರ್ತೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆ ಇಟ್ಟುಕೊಂಡು, ಮಗುವಿನ ಜೊತೆ ಮಾತಾಡುವುದು, ಆಡುವುದು ಹೇಗೆ ಎಂದು ತಾಯಿಗೆ ತೋರಿಸಿದಳು. ಎರಡು ವರ್ಷ ಅಷ್ಟೇ ಮಾಡಿದ್ದು. ಇಪ್ಪತ್ತು ವರ್ಷದ ನಂತರ ನೋಡಿದರೆ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಾಗಿತ್ತು. ನಮ್ಮ ರಾಜ್ಯದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಅವರಿಗೆ ಮೊಟ್ಟೆ, ಹಾಲು ಬೇಕು. ಜೊತೆಗೆ ಅವರೊಡನೆ ಮಾತಾಡುವವರೂ ಬೇಕು.

ಓದಿನ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಅವರು ನಮ್ಮ ದೇಶದ ಮಕ್ಕಳಿಗೆ ಹೊಂದುವಂತೆ ರೂಪಿಸಿದ ಒಂದು ಬೆಳವಣಿಗೆಯ ಅಳತೆ ಇದೆ. ಹುಟ್ಟಿನಿಂದ ಎರಡೂವರೆ ವರ್ಷದವರೆಗಿನ ಮಕ್ಕಳಿಗೆ. ಚಲನೆಗೆ 67 ಅಂಶ, ಮನಸ್ಸಿನ ಬೆಳವಣಿಗೆಗೆ 163 ಅಂಶ. ಪೆಟ್ಟಿಗೆಯಲ್ಲಿ ಗಿಲಕಿ, ಗಂಟೆ, ಮರದ ತುಂಡುಗಳು ಇರುತ್ತವೆ. ಅದನ್ನು ಹಿಡಿದು ನಾನು ಧಾರವಾಡದ ಹತ್ತಿರದ ಹಳ್ಳಿಯ ಒಂದು ಮನೆಗೆ ಹೋದೆ. ಒಂದೂವರೆ ವರ್ಷದ ಹುಡುಗ ನಾನು ಕೊಟ್ಟ ಯಾವುದನ್ನೂ ಮುಟ್ಟಲಿಲ್ಲ. ಸಾಲು ಸಾಲಾಗಿ ತಪ್ಪು ಗುರುತು ಹಾಕಿದೆ. ಅವನ ತಾಯಿ ನಕ್ಕು, "ಬಾಯಾರ, ನೀವು ದವಾಖಾನಿಯವರು, ಸೂಜಿ ಚುಚ್ಚತೀರಿ ಅನ್ಕೊಂಡಾನ. ಆ ಚೀಲ ಹೊರಗಿಟ್ಟು ಬರ್ರಿ" ಅಂದಳು. ಚೀಲ ಹೊರಗಿಟ್ಟು ಬಂದು, ಅವಳ ತಾಟಿನಲ್ಲಿದ್ದ ಶೇಂಗಾ ಸುಲಿಯುತ್ತ ಅರ್ಧ ತಾಸು ಕೂತೆ. ಹುಡುಗ ಬಂದು ಮರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟ. ಹಾಳೆಯ ಮೇಲಿನ ಗುರುತುಗಳನ್ನೆಲ್ಲ ತಿದ್ದಿದೆ. ಮಗುವನ್ನು ಅಳೆಯುವ ಮೊದಲು ಮಗುವಿನ ಮನೆಯಲ್ಲಿ ಕೂರಬೇಕು ಎನ್ನುವುದನ್ನು ಆ ತಾಯಿಯಿಂದ ಕಲಿತೆ.

ಈಗ ತಾಯಂದಿರಿಗೆ ಒಂದು ಮಾತು. ಮಗು ಹುಟ್ಟಿದ ಒಂದು ತಿಂಗಳೊಳಗೆ ಕಿವಿ ತಪಾಸಣೆ, ಅನುಮಾನವಿದ್ದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ಆರು ತಿಂಗಳೊಳಗೆ ನೆರವು. ಒಂದು, ಮೂರು, ಆರು, ಇಷ್ಟು ನೆನಪಿಡಿ. ಮಲಗಿದ ಕೂಸಿನ ಕಿವಿಯಲ್ಲಿ ಸಣ್ಣ ನಳಿಕೆ ಇಟ್ಟು ಕೆಲವೇ ನಿಮಿಷದಲ್ಲಿ ನೋಡುವ ಯಂತ್ರ ಈಗ ಇದೆ, ನೋವಾಗುವುದಿಲ್ಲ. ಆರು ತಿಂಗಳ ಕೂಸು ದನಿ ಬಂದ ಕಡೆ ತಿರುಗದಿದ್ದರೆ, ವರ್ಷವಾದರೂ ಹೆಸರು ಕರೆದಾಗ ನೋಡದಿದ್ದರೆ, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸದಿದ್ದರೆ ಕಾಯಬೇಡಿ. ತಾಟು ಬಡಿದು ನೋಡಿ ಸುಮ್ಮನಾಗಬೇಡಿ; ಬಡಿತದ ಅದುರು ಗೊತ್ತಾಗಿ ತಿರುಗುವ ಕಿವುಡ ಮಕ್ಕಳೂ ಇದ್ದಾರೆ. ನಾಲಿಗೆಗೆ ಬಜೆ ಹಚ್ಚಿದರೆ ನನ್ನ ತಕರಾರಿಲ್ಲ. ಕಿವಿಯನ್ನೂ ತೋರಿಸಿ.

ಶಿಕ್ಷಕರಿಗೆ ಒಂದು ವಿನಂತಿ. ಹಿಂದಿನ ಬೆಂಚಿನಲ್ಲಿ ಕೂತು "ಲಕ್ಷ್ಯ ಇಲ್ಲ" ಅನ್ನಿಸಿಕೊಳ್ಳುವ ಹುಡುಗನ ಕಿವಿ ಸೋರುತ್ತಿದೆಯೇ ನೋಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಇದೆ. ತಂಡ ಶಾಲೆಗೆ ಬಂದ ದಿನ ಆ ಮಗು ಗೈರುಹಾಜರಾಗದಂತೆ ನೋಡಿಕೊಳ್ಳಿ.

ವಿದ್ಯಾರ್ಥಿಗಳೇ, ನಾನು ಓದಿದ ಗೃಹವಿಜ್ಞಾನ ಪದವಿಗೆ ಈಗ ಸಮುದಾಯ ವಿಜ್ಞಾನ ಎಂದು ಹೆಸರು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಸೇರಬಹುದು. ಗಂಡು ಹುಡುಗರೂ ಸೇರಬಹುದು, ಸೇರಬೇಕು. ಮಾತು ಮತ್ತು ಶ್ರವಣದ ಪದವಿ ಓದಬೇಕೆಂದರೆ ಮೈಸೂರು ಇದೆ. ಅಂಕ ಕಡಿಮೆಯಾಗಿ ಡಾಕ್ಟರ್ ಆಗಲಿಲ್ಲ ಎಂದು ಅಳುವವರು ನನ್ನನ್ನು ನೋಡಿ. ನನಗೆ ಸೀಟು ಸಿಕ್ಕಿದ್ದರೆ ಆ ಹಾಳೆಯ ಮೇಲೆ ಜೋಡಿ ಗೆರೆ ಎಳೆಯುತ್ತಿದ್ದೆನೋ ಇಲ್ಲವೋ.

ಕೊನೆಯ ಮಾತು. ಈ ಶಾಲೆಯ ಐವತ್ತು ವರ್ಷದ ದಾಖಲಾತಿ ಪುಸ್ತಕವನ್ನು ಹೊರಗೆ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದರಲ್ಲಿ ನನ್ನ ಹೆಸರಿದೆ, ನನ್ನ ತಂಗಿಯ ಹೆಸರಿಲ್ಲ. ಅವಳು ನನಗಿಂತ ಜಾಣೆ. ಒಮ್ಮೆ ನೋಡಿದ ರವಿಕೆಯನ್ನು ಅಳತೆಯಿಲ್ಲದೆ ಹೊಲಿಯುತ್ತಾಳೆ, ತನ್ನದೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳು ಅಲ್ಲಿ, ಬೇವಿನ ಗಿಡದ ಕೆಳಗೆ, ಅವ್ವನ ಪಕ್ಕದಲ್ಲಿ ಕೂತಿದ್ದಾಳೆ. ಅವಳ ಮಗಳು ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ನಾನು ಮಾತಾಡಲು ಶುರು ಮಾಡಿದಾಗಿನಿಂದ ಆ ಹುಡುಗಿ ನನ್ನ ಒಂದೊಂದು ಮಾತನ್ನೂ ಕೈಸನ್ನೆಯಲ್ಲಿ ತಾಯಿಗೆ ಹೇಳುತ್ತಿದ್ದಾಳೆ. ಆದ್ದರಿಂದಲೇ ನಾನು ಇಷ್ಟು ನಿಧಾನವಾಗಿ ಮಾತಾಡಿದೆ, ಬೇಸರಿಸಬೇಡಿ.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಒಂದು ಕಮಾನು ಕಟ್ಟಿಸುವ ವಿಚಾರದಲ್ಲಿದ್ದಾರೆ. ಕಟ್ಟಿಸಲಿ. ಅದರ ಜೊತೆಗೆ ಪ್ರತಿ ಜೂನ್ ತಿಂಗಳಲ್ಲಿ ಸುತ್ತಲಿನ ಊರುಗಳ ಅಂಗನವಾಡಿ ಮಕ್ಕಳಿಗೆಲ್ಲ ಈ ಶಾಲೆಯ ಅಂಗಳದಲ್ಲಿ ಒಂದು ದಿನ ಕಿವಿ ತಪಾಸಣೆ ನಡೆಸೋಣ ಎಂದು ಕೇಳಿಕೊಳ್ಳುತ್ತೇನೆ. ಮೊದಲ ವರ್ಷದ ಖರ್ಚು ನನ್ನದು. ಹೆಸರು ಬರೆದುಕೊಳ್ಳುವ ಮೇಜಿನ ಮುಂದೆ ಕೂರಲು ನನ್ನ ಅವ್ವ ಒಪ್ಪಿದ್ದಾಳೆ.